ನೆಲದಡಿಯ ಮಧ್ಯಮ ವೋಲ್ಟೇಜ್ ಕೇಬಲ್: ಕೊಳ್ಳುವ ಮುನ್ನ ಪದರ ಪದರವಾಗಿ ಪರಿಶೀಲಿಸುವುದು ಹೇಗೆ

ಇಬ್ಬರು ತಯಾರಕರ ದರಪತ್ರಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಕೇಬಲ್ ಅನ್ನಿಸುತ್ತದೆ. 12/20 ಕಿಲೋವೋಲ್ಟ್, 240 ಚದರ ಮಿ.ಮೀ. ಅಲ್ಯೂಮಿನಿಯಂ, ಎಕ್ಸ್‌ಎಲ್‌ಪಿಇ (ಅಣುಗಳ ನಡುವೆ ಅಡ್ಡಬಂಧ ಮೂಡಿಸಿದ ಪಾಲಿಎಥಿಲೀನ್) ಇನ್ಸುಲೇಶನ್, ಅದರ ಸುತ್ತ ತಾಮ್ರದ ಸ್ಕ್ರೀನ್, ಪಾಲಿಎಥಿಲೀನ್ ಹೊರಹೊದಿಕೆ. ಆಂಪಿಯರ್ ಅಂಕಿಯೂ ಹೆಚ್ಚುಕಡಿಮೆ ಒಂದೇ, ಮೀಟರ್ ದರ ಮಾತ್ರ ಬೇರೆ. ಇವೆರಡರಲ್ಲಿ ಒಂದು ದಶಕಗಳ ಕಾಲ ಸದ್ದಿಲ್ಲದೆ ಮಣ್ಣಲ್ಲಿ ಮಲಗಿರಬಹುದು, ಇನ್ನೊಂದು ಬೇಗನೆ ಸಿಡಿಯಬಹುದು. ಆ ವ್ಯತ್ಯಾಸಕ್ಕೆ ಕಾರಣವಾಗುವ ಸಂಗತಿಗಳು ದರಪತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಾವೇ ಕೇಳಿ ತರಿಸಿಕೊಳ್ಳಬೇಕು, ತುಂಡು ಕತ್ತರಿಸಿ ನೋಡಬೇಕು.

ಕೇಬಲ್ ಕೆಡುವ ಜಾಗಗಳನ್ನು ಗಮನಿಸಿದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಪದರಗಳು ಒಂದಕ್ಕೊಂದು ತಾಗುವ ಗಡಿಯಲ್ಲೇ ತೊಂದರೆ ಹುಟ್ಟುತ್ತದೆ. ಸೆಮಿಕಾನ್ (ಇನ್ಸುಲೇಶನ್‌ನ ಒಳಗೂ ಹೊರಗೂ ಇರುವ ತೆಳು ಅರೆವಾಹಕ ಪದರ) ಇನ್ಸುಲೇಶನ್‌ಗೆ ಅಂಟುವ ಜಾಗ, ತಾಮ್ರ ಸೆಮಿಕಾನ್ ಮೇಲೆ ಕೂರುವ ಜಾಗ, ಹೊದಿಕೆಗೂ ಹೊರಗಿನ ನೀರಿಗೂ ನಡುವಿನ ಜಾಗ, ಕೊನೆಗೆ ಕೇಬಲ್‌ಗೂ ಜಾಯಿಂಟ್‌ಗೂ ನಡುವಿನ ಜಾಗ. ಕೆಳಗಿನ ಕ್ರಮ ಈ ಗಡಿಗಳನ್ನೇ ಹಿಂಬಾಲಿಸುತ್ತದೆ.

1. ಮೊದಲು ಸಿಸ್ಟಂ ಅರ್ತಿಂಗ್ ಯಾವುದೆಂದು ತಿಳಿಯಿರಿ

ಕೇಬಲ್‌ನ ವೋಲ್ಟೇಜನ್ನು ಎರಡು ಅಂಕಿಗಳಲ್ಲಿ ಹೇಳುವುದು ಸುಮ್ಮನಲ್ಲ. 12/20 ಎಂದರೆ ಕಂಡಕ್ಟರ್‌ನಿಂದ ಸ್ಕ್ರೀನ್‌ಗೆ 12 ಕಿಲೋವೋಲ್ಟ್, ಫೇಸ್‌ನಿಂದ ಫೇಸ್‌ಗೆ 20 ಕಿಲೋವೋಲ್ಟ್. ಇನ್ಸುಲೇಶನ್ ತಡೆಯಬೇಕಾದದ್ದು ಮೊದಲ ಅಂಕಿಯನ್ನು. ಎಂಜಿನಿಯರುಗಳ ಬಾಯಲ್ಲಿ ಅದು ಯು-ನಾಟ್.

ನ್ಯೂಟ್ರಲನ್ನು (ಮೂರು ಫೇಸ್‌ಗಳು ಸೇರುವ ಬಿಂದು) ನೇರವಾಗಿ ಅರ್ತ್ ಮಾಡಿದ, ಅಂದರೆ ನೆಲಕ್ಕೆ ಸೇರಿಸಿದ ಸಿಸ್ಟಂನಲ್ಲಿ ಒಂದು ಫೇಸ್ ನೆಲಕ್ಕೆ ತಾಗಿದರೆ ರಿಲೇ (ದೋಷ ಗುರುತಿಸುವ ಕಾವಲು ಸಾಧನ) ಕ್ಷಣದಲ್ಲಿ ವಿದ್ಯುತ್ ಕತ್ತರಿಸುತ್ತದೆ. ಅರ್ತ್ ಮಾಡದ ಅಥವಾ ಕಾಯಿಲ್ ಮೂಲಕ ಅರ್ತ್ ಮಾಡಿದ ಸಿಸ್ಟಂನಲ್ಲಿ ಈ ಫಾಲ್ಟ್ (ದೋಷ) ಇಟ್ಟುಕೊಂಡೇ ಓಡಿಸುವ ಪದ್ಧತಿಯಿದೆ. ಆಗ ಉಳಿದೆರಡು ಫೇಸ್‌ಗಳ ಮೇಲಿನ ಒತ್ತಡ 1.73 ಪಟ್ಟು ಏರುತ್ತದೆ. ಅಂತರರಾಷ್ಟ್ರೀಯ ಕೇಬಲ್ ಮಾನಕ ಐಇಸಿ 60502-2 ಇದನ್ನು ಮೂರು ವರ್ಗವಾಗಿ ವಿಂಗಡಿಸುತ್ತದೆ. ಫಾಲ್ಟ್ 1 ನಿಮಿಷದೊಳಗೆ ಕಳಚುವುದಾದರೆ ಎ ವರ್ಗ. ಸಾಮಾನ್ಯವಾಗಿ 1 ಗಂಟೆಯವರೆಗೆ, ಒಂದೊಂದು ಸಲ ಹೆಚ್ಚೆಂದರೆ 8 ಗಂಟೆ, ವರ್ಷಕ್ಕೆ ಒಟ್ಟು 125 ಗಂಟೆ ಮೀರದಂತೆ ನಡೆದರೆ ಬಿ ವರ್ಗ. ಇವೆರಡಕ್ಕೂ ಸೇರದ್ದೆಲ್ಲ ಸಿ ವರ್ಗ. ಸಿ ವರ್ಗಕ್ಕೆ ಒಂದು ಮೆಟ್ಟಿಲು ಮೇಲಿನ ಕೇಬಲ್ ಬೇಕು: 10 ಕಿಲೋವೋಲ್ಟ್ ಜಾಲಕ್ಕೆ 6/10 ಸಾಲದು, 8.7/15 ಹಾಕಬೇಕು.

ಎಕ್ಸ್‌ಎಲ್‌ಪಿಇ ಇನ್ಸುಲೇಶನ್‌ನ ನಿಗದಿತ ದಪ್ಪ 6/10ಕ್ಕೆ 3.4 ಮಿ.ಮೀ., 8.7/15ಕ್ಕೆ 4.5, 12/20ಕ್ಕೆ 5.5, 18/30ಕ್ಕೆ 8.0. ಉತ್ತರ ಅಮೆರಿಕದ ಪದ್ಧತಿಯಲ್ಲಿ ಇದೇ ವಿಚಾರ 100, 133, 173 ಶೇಕಡಾ ಮಟ್ಟಗಳಾಗಿ ಬರುತ್ತದೆ. ರಿಲೇ ಸೆಟಿಂಗ್ ನೋಡದೆ ಖರೀದಿ ಕಡತದ ವೋಲ್ಟೇಜ್ ಸಾಲು ತುಂಬಿದರೆ ಮುಂದಿನ ಪರೀಕ್ಷೆಗಳೆಲ್ಲ ವ್ಯರ್ಥ.

2. ಕೇಬಲ್ ಮಲಗುವ ಜಾಗ

ಐಇಸಿ ಪಟ್ಟಿಯ ಆಂಪಿಯರ್ ಅಂಕಿಗಳು 0.8 ಮೀಟರ್ ಆಳ, 20 °ಸೆ ಮಣ್ಣು, ಪ್ರತಿ ವ್ಯಾಟ್‌ಗೆ 1.5 ಕೆಲ್ವಿನ್-ಮೀಟರ್ ಉಷ್ಣ ಪ್ರತಿರೋಧ ಎಂಬ ಊಹೆಯ ಮೇಲೆ ನಿಂತಿವೆ. ಕೆಲವು ಕ್ಯಾಟಲಾಗುಗಳು 1.0 ಎಂದು ಹಿಡಿದು ಅಂಕಿಯನ್ನು ಉಬ್ಬಿಸಿರುತ್ತವೆ. ಇಬ್ಬರ ಅಂಕಿಗಳನ್ನು ಹೋಲಿಸುವ ಮೊದಲು ಅಡಿಟಿಪ್ಪಣಿ ಓದಿ. ಮಣ್ಣಿನ ಪ್ರತಿರೋಧ 1.5ರಿಂದ 2.5ಕ್ಕೆ ಏರಿದರೆ ಕೇಬಲ್ ಹೊರುವ ಕರೆಂಟು ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ.

ಮಣ್ಣು ಒದ್ದೆಯಾಗಿದ್ದ ದಿನ ಅಳೆದು ಸಮಾಧಾನಪಟ್ಟುಕೊಳ್ಳುವುದು ಸಾಮಾನ್ಯ ತಪ್ಪು. ಕೇಬಲ್ ಬಿಸಿಯಾದಂತೆ ಸುತ್ತಲಿನ ತೇವ ದೂರ ಸರಿಯುತ್ತದೆ, ಮಣ್ಣು ಒಣಗುತ್ತದೆ, ಒಣ ಮಣ್ಣು ಶಾಖವನ್ನು ಬಿಡುವುದಿಲ್ಲ, ಕೇಬಲ್ ಇನ್ನಷ್ಟು ಬಿಸಿಯಾಗುತ್ತದೆ. ಹಾಗಾಗಿ ಸೂಜಿಯಂಥ ಪ್ರೋಬ್‌ನಿಂದ ಒಂದೇ ಅಳತೆ ತೆಗೆದು ಬಿಡಬೇಡಿ. ಮಣ್ಣಿನ ಮಾದರಿಯನ್ನು ಹಂತಹಂತವಾಗಿ ಒಣಗಿಸುತ್ತ ಅಳೆದ ರೇಖೆ ತರಿಸಿಕೊಳ್ಳಿ. ಏಕಗಾತ್ರದ ಶುದ್ಧ ಮರಳು ಕೈಗೆ ಹಿತವಾಗಿ ಕಂಡರೂ ಒಣಗಿದಾಗ ಶಾಖ ಸಾಗಿಸುವುದರಲ್ಲಿ ಬಹಳ ಕೆಟ್ಟದ್ದು. ಸಣ್ಣ, ನಡು, ದಪ್ಪ ಕಣಗಳು ಬೆರೆತು ಗಟ್ಟಿಯಾಗಿ ಕೂರುವ ತುಂಬು ಮಣ್ಣು ಮೇಲು.

ನೀರಿನ ಮಟ್ಟ, ಪೈಪಿನಲ್ಲಿ ಎಳೆಯುವ ಉದ್ದ, ತಿರುವುಗಳು, ರಾಸಾಯನಿಕ ಸೋರಿಕೆ, ಗೆದ್ದಲು, ಸುರಂಗ ಇದೆಯೇ ಇಲ್ಲವೇ, ಇವನ್ನೂ ಒಂದೇ ಪುಟದಲ್ಲಿ ಬರೆದಿಡಿ. ಮುಂದೆ ಹೊದಿಕೆ ಆರಿಸುವಾಗ ಇವೇ ಮಾತಾಡುತ್ತವೆ.

3. ಕಂಡಕ್ಟರ್

ತಾಮ್ರವೋ ಅಲ್ಯೂಮಿನಿಯಮೋ ಎಂಬ ಚರ್ಚೆಗೆ ಜನ ಕೊಡುವಷ್ಟು ಸಮಯ ಅಗತ್ಯವಿಲ್ಲ. ಅಲ್ಯೂಮಿನಿಯಂನ ವಾಹಕತೆ ತಾಮ್ರದ 61 ಶೇಕಡಾ. ಸಮ ಪ್ರತಿರೋಧಕ್ಕೆ ಸುಮಾರು 1.6 ಪಟ್ಟು ಅಡ್ಡಕೊಯ್ತ ಬೇಕು, ಆದರೂ ಲೋಹದ ತೂಕ ಅರ್ಧ. ಜಾಗ ಇಕ್ಕಟ್ಟಾಗಿದ್ದರೆ, ಪೈಪು ಚಿಕ್ಕದಿದ್ದರೆ ತಾಮ್ರ, ಇಲ್ಲವಾದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕೆಟ್ಟ ವಾಹಕವಾದ್ದರಿಂದ ಲಗ್ (ಕಂಡಕ್ಟರ್ ತುದಿಗೆ ಕೂರಿಸುವ ಲೋಹದ ತುಂಡು) ಮತ್ತು ಕನೆಕ್ಟರ್ ಕೆಲಸದಲ್ಲಿ ಉಜ್ಜುವುದು, ಪೇಸ್ಟ್ ಹಚ್ಚುವುದು, ತಾಮ್ರದ ಬಸ್‌ಬಾರ್‌ಗೆ ಬೈಮೆಟಲ್ ಲಗ್ ಬಳಸುವುದು ಕಡ್ಡಾಯ.

ಗಾತ್ರದ ಲೆಕ್ಕ ಮೂರು ಸಲ ಮಾಡಿ. ಒಂದು, ಎಡೆಬಿಡದ ಲೋಡ್‌ಗೆ. ಎರಡು, ಶಾರ್ಟ್ ಸರ್ಕ್ಯೂಟ್‌ಗೆ: 90 °ಸೆಯಿಂದ 250 °ಸೆವರೆಗೆ ಏರಲು ಬಿಟ್ಟರೆ ತಾಮ್ರಕ್ಕೆ ಪ್ರತಿ ಚದರ ಮಿ.ಮೀ.ಗೆ 1 ಸೆಕೆಂಡಿನಲ್ಲಿ 143 ಆಂಪಿಯರ್, ಅಲ್ಯೂಮಿನಿಯಂಗೆ 94. ಅಂದರೆ 240 ಚದರ ಮಿ.ಮೀ. ಅಲ್ಯೂಮಿನಿಯಂ 1 ಸೆಕೆಂಡು 22.5 ಕಿಲೋಆಂಪಿಯರ್ ತಾಳುತ್ತದೆ. ಬೇರೆ ಅವಧಿಗೆ ಸೆಕೆಂಡುಗಳ ವರ್ಗಮೂಲದಿಂದ ಭಾಗಿಸಿ.

ಮೂರನೆಯದು ನಷ್ಟದ ಲೆಕ್ಕ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. 240 ಚದರ ಮಿ.ಮೀ. ಅಲ್ಯೂಮಿನಿಯಂನ ಪ್ರತಿರೋಧ 20 °ಸೆಯಲ್ಲಿ ಕಿಲೋಮೀಟರಿಗೆ 0.125 ಓಮ್, 400ಕ್ಕೆ 0.0778. 90 °ಸೆಯಲ್ಲಿ ಇವು ಸುಮಾರು 0.160 ಮತ್ತು 0.100 ಆಗುತ್ತವೆ. 300 ಆಂಪಿಯರ್‌ಗೆ ಮೂರು ಫೇಸ್ ಸೇರಿ ಮೊದಲನೆಯದು ಕಿಲೋಮೀಟರಿಗೆ 43 ಕಿಲೋವ್ಯಾಟ್, ಎರಡನೆಯದು 27 ಕಿಲೋವ್ಯಾಟ್ ಸುಡುತ್ತದೆ. ನಷ್ಟದ ಗುಣಾಂಕ (ವರ್ಷದ ಸರಾಸರಿ ನಷ್ಟಕ್ಕೂ ಗರಿಷ್ಠ ಲೋಡಿನ ನಷ್ಟಕ್ಕೂ ಇರುವ ಅನುಪಾತ) 0.4 ಎಂದು ಹಿಡಿದರೆ ವರ್ಷಕ್ಕೆ ಕಿಲೋಮೀಟರಿಗೆ ಸುಮಾರು 56,000 ಯೂನಿಟ್ ವ್ಯತ್ಯಾಸ. ನಿಜದಲ್ಲಿ ಕೇಬಲ್ ಅಷ್ಟು ಬಿಸಿ ಇರದಿದ್ದರೆ ಅಂಕಿ ಸ್ವಲ್ಪ ಇಳಿಯುತ್ತದೆ. ನಿಮ್ಮ ಯೂನಿಟ್ ದರದಿಂದ ಗುಣಿಸಿ, ಎರಡು ಗಾತ್ರಗಳ ಬೆಲೆ ವ್ಯತ್ಯಾಸದ ಪಕ್ಕದಲ್ಲಿ ಇಟ್ಟು ನೋಡಿ.

ಎಳೆಗಳ ನಡುವಿನ ಸಂದು ನೀರಿಗೆ ಸಿದ್ಧವಾದ ಕೊಳವೆ. ಒಂದು ಜಾಯಿಂಟ್‌ನಲ್ಲಿ ಒಳಹೊಕ್ಕ ನೀರು ಆ ಸಂದಿನಲ್ಲಿ ಬಲು ದೂರ ಹರಿಯಬಲ್ಲದು. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಎಳೆಗಳ ನಡುವೆ ಉಬ್ಬುವ ಪುಡಿ ಅಥವಾ ದಾರ, ಇಲ್ಲವೇ ತುಂಬುವ ಸಂಯುಕ್ತ ಇರಲೇಬೇಕೆಂದು ಬರೆಯಿರಿ. ಸಣ್ಣ ಗಾತ್ರಗಳಲ್ಲಿ ಒಂದೇ ಸರಳಿನ ಘನ ಅಲ್ಯೂಮಿನಿಯಂ ಸಿಗುತ್ತದೆ. ಅದರಲ್ಲಿ ಸಂದೇ ಇಲ್ಲ, ಆದರೆ ಬಗ್ಗಿಸಲು ಹಟಮಾರಿ.

4. ಇನ್ಸುಲೇಶನ್: ನೀರಿನ ಜೊತೆಗಿನ ಹೋರಾಟ

1960 ಮತ್ತು 70ರ ದಶಕಗಳಲ್ಲಿ ಹಾಕಿದ ಪಾಲಿಎಥಿಲೀನ್ ಹಾಗೂ ಮೊದಲ ತಲೆಮಾರಿನ ಎಕ್ಸ್‌ಎಲ್‌ಪಿಇ ಕೇಬಲ್‌ಗಳು ನಿರೀಕ್ಷೆಗಿಂತ ಬಹಳ ಬೇಗ ಕೆಟ್ಟವು. ಪಾಲಿಎಥಿಲೀನ್ ನೀರಿಗೆ ಹೆದರುವುದಿಲ್ಲ ಎಂಬ ನಂಬಿಕೆಯಲ್ಲಿ ಅನೇಕ ಕಡೆ ಹೊರಹೊದಿಕೆಯೇ ಇಲ್ಲದೆ ಹೂಳಿದ್ದರು. ಒಳಗೆ ಬಟ್ಟೆಯ ಟೇಪಿನ ಸ್ಕ್ರೀನ್, ಅಡ್ಡಬಂಧ ಮೂಡಲು ಬೇಯಿಸಿದ್ದು ಹಬೆಯಲ್ಲಿ. 60ರ ದಶಕದ ಕೊನೆಯ ಹೊತ್ತಿಗೆ ಕಾರಣ ಕಾಣತೊಡಗಿತು: ವಾಟರ್ ಟ್ರೀ.

ನೀರು, ಎಸಿ ವಿದ್ಯುತ್ ಕ್ಷೇತ್ರ, ಒಂದಿಷ್ಟು ಲವಣ ಸೇರಿದರೆ ಇನ್ಸುಲೇಶನ್‌ನೊಳಗೆ ಕಣ್ಣಿಗೆ ಕಾಣದ ನೀರ್ಗುಳ್ಳಿಗಳ ಸರಣಿ ಮರದ ಕೊಂಬೆಯಂತೆ ಹಬ್ಬುತ್ತದೆ. ಒಳಗಿನ ಕಸದ ಕಣದಿಂದ ಎರಡೂ ದಿಕ್ಕಿಗೆ ಬೆಳೆಯುವುದು ಬೋ-ಟೈ ಮರ. ಅದು ಸಾಮಾನ್ಯವಾಗಿ ಒಂದು ಅಳತೆಗೆ ನಿಲ್ಲುತ್ತದೆ. ಸೆಮಿಕಾನ್ ಗಡಿಯಲ್ಲಿ ಬೇರೂರಿ ಒಳಕ್ಕೆ ಹೋಗುವ ಮರವೇ ಅಪಾಯಕಾರಿ, ಏಕೆಂದರೆ ಅದಕ್ಕೆ ನೀರು ಸರಬರಾಜು ನಿಲ್ಲುವುದಿಲ್ಲ. ಇದರಿಂದ ಪಾರ್ಶಿಯಲ್ ಡಿಸ್ಚಾರ್ಜ್ (ಇನ್ಸುಲೇಶನ್‌ನ ಒಂದು ಭಾಗದಲ್ಲಷ್ಟೇ ಆಗುವ ಕಿರುಕಿಡಿ) ಹೊರಡುವುದಿಲ್ಲವಾದ್ದರಿಂದ ಆ ಅಳತೆಯಲ್ಲಿ ಸಿಕ್ಕಿಬೀಳುವುದೂ ಇಲ್ಲ. ಒಂದು ದಿನ ಸಿಡಿಲಿನ ಸರ್ಜ್ (ಹಠಾತ್ತನೆ ಏರುವ ವೋಲ್ಟೇಜ್) ಬಂದು ಅದರ ತುದಿಯಲ್ಲಿ ಎಲೆಕ್ಟ್ರಿಕಲ್ ಟ್ರೀ (ಕಿಡಿಯಿಂದ ಕೊರೆದ ಕವಲು ಬಿರುಕು) ಹುಟ್ಟಿತೆಂದರೆ ಆಮೇಲೆ ಹೆಚ್ಚು ಕಾಲ ಉಳಿಯದು.

ಇಂದು ಆಯ್ಕೆಗಳು ನಾಲ್ಕು. ಸಾದಾ ಎಕ್ಸ್‌ಎಲ್‌ಪಿಇ ಒಣ ಜಾಗಕ್ಕೆ, ಅಥವಾ ಲೋಹದ ತೇವತಡೆ ಇರುವ ವಿನ್ಯಾಸಕ್ಕೆ ಸಾಕು. ಟ್ರೀ ತಡೆಯುವ ಸಂಯೋಜಕ ಅಥವಾ ಕೋಪಾಲಿಮರ್ ಬೆರೆಸಿದ ಎಕ್ಸ್‌ಎಲ್‌ಪಿಇ 1980ರ ದಶಕದಿಂದ ಬಳಕೆಯಲ್ಲಿದೆ. ನೆಲದಡಿ ಹೂಳುವ ಮಧ್ಯಮ ವೋಲ್ಟೇಜ್‌ಗೆ ಇದೇ ನಮ್ಮ ಮೊದಲ ಆಯ್ಕೆ. ಸಾದಾದ್ದಕ್ಕಿಂತ ಹೆಚ್ಚು ಬೀಳುವ ದುಡ್ಡು ಕಂದಕ ಅಗೆಯುವ ಖರ್ಚಿನ ಮುಂದೆ ಏನೂ ಅಲ್ಲ. ಇಪಿಆರ್ (ಎಥಿಲೀನ್-ಪ್ರೊಪಿಲೀನ್) ರಬ್ಬರು ಬಾಗುತ್ತದೆ, ತೇವವನ್ನೂ ಡಿಸ್ಚಾರ್ಜನ್ನೂ ಚೆನ್ನಾಗಿ ತಾಳುತ್ತದೆ, ಬಿಸಿಯಲ್ಲಿ ಮೆತ್ತಗಾಗುವುದು ಕಡಿಮೆ. ಎಕ್ಸ್‌ಎಲ್‌ಪಿಇಯಾದರೋ 105 °ಸೆ ಆಸುಪಾಸಿನಲ್ಲಿ ಸ್ಫಟಿಕ ರಚನೆ ಕರಗಿ ಉಬ್ಬುತ್ತದೆ. ನಾಲ್ಕನೆಯದು ಪಾಲಿಪ್ರೊಪಿಲೀನ್ ಆಧಾರದ ಥರ್ಮೋಪ್ಲಾಸ್ಟಿಕ್. ಅಡ್ಡಬಂಧ ಇಲ್ಲದ್ದರಿಂದ ಮತ್ತೆ ಕರಗಿಸಿ ಬಳಸಬಹುದು. ಅದನ್ನು ಆರಿಸುವುದಾದರೆ ಜಾಯಿಂಟ್ ಕಿಟ್ ಹೊಂದುತ್ತದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ.

ಇಪಿಆರ್‌ನ ದೌರ್ಬಲ್ಯ ಎಂದು ಹೇಳುವ ಡೈಎಲೆಕ್ಟ್ರಿಕ್ ನಷ್ಟವನ್ನು (ವೋಲ್ಟೇಜ್ ಇರುವಷ್ಟು ಹೊತ್ತೂ ಇನ್ಸುಲೇಶನ್‌ನಲ್ಲೇ ಶಾಖವಾಗಿ ಹೋಗುವ ವಿದ್ಯುತ್) ಅಂಕಿಯಲ್ಲೇ ನೋಡೋಣ. ಐಇಸಿ 60287 ಲೆಕ್ಕಕ್ಕೆ ಕೊಡುವ ಬೆಲೆಗಳು ಎಕ್ಸ್‌ಎಲ್‌ಪಿಇಗೆ ಪರ್ಮಿಟಿವಿಟಿ (ಚಾರ್ಜ್ ಹಿಡಿಯುವ ಗುಣ) 2.5, ಟ್ಯಾನ್ ಡೆಲ್ಟಾ (ನಷ್ಟದ ಪ್ರಮಾಣ) 0.004, ಇಪಿಆರ್‌ಗೆ 3 ಮತ್ತು 0.020. ನಮ್ಮ 12/20ರ 240 ಚದರ ಮಿ.ಮೀ. ಕೇಬಲ್‌ನಲ್ಲಿ ಮೂರು ಫೇಸ್ ಸೇರಿ ಕಿಲೋಮೀಟರಿಗೆ ಎಕ್ಸ್‌ಎಲ್‌ಪಿಇ ಸುಮಾರು 170 ವ್ಯಾಟ್, ಇಪಿಆರ್ ಸುಮಾರು 1 ಕಿಲೋವ್ಯಾಟ್. ಲೋಡ್ ಇದ್ದಾಗಿನ 43 ಕಿಲೋವ್ಯಾಟ್ ಮುಂದೆ ಇದು ಚಿಲ್ಲರೆ. ಆದರೆ ಇದು ಲೋಡ್ ಇಲ್ಲದ ರಾತ್ರಿಯೂ ನಡೆಯುವ ನಷ್ಟ. ಹಗುರ ಲೋಡಿನ ಉದ್ದನೆಯ ಜಾಲಕ್ಕೆ ಗಣನೆಗೆ ತೆಗೆದುಕೊಳ್ಳಿ, ಕಾರ್ಖಾನೆಯ ಚಿಕ್ಕ ಫೀಡರ್‌ಗೆ ಮರೆತುಬಿಡಿ.

ತೇವದಲ್ಲಿಟ್ಟ ದೀರ್ಘ ಪರೀಕ್ಷೆಯ ವರದಿ ಕೇಳಿ. ಯುರೋಪಿನ ಎಚ್‌ಡಿ 605 ಮಾನಕದಲ್ಲಿ 50 ಹರ್ಟ್ಸ್‌ನಲ್ಲಿ ಯು-ನಾಟ್‌ನ 3 ಪಟ್ಟು ವೋಲ್ಟೇಜ್ ಕೊಟ್ಟು 2 ವರ್ಷ ನೀರಿನಲ್ಲಿಡುವ ಪರೀಕ್ಷೆ ಇದೆ. ಉತ್ತರ ಅಮೆರಿಕದಲ್ಲಿ 120, 180, 360 ದಿನ ನೀರಿನಲ್ಲಿ ಬಿಸಿ-ತಂಪು ಚಕ್ರಗಳೊಂದಿಗೆ ಮುಪ್ಪಾಗಿಸಿ, ಬಳಿಕ ಸಿಡಿಯುವ ವೋಲ್ಟೇಜ್ ಅಳೆಯುತ್ತಾರೆ. ವರದಿಯಲ್ಲಿ ಎರಡು ವಿಷಯ ನೋಡಿ. ಪರೀಕ್ಷಿಸಿದ ಇನ್ಸುಲೇಶನ್ ಮತ್ತು ಸೆಮಿಕಾನ್ ಜೋಡಿಯೇ ನಿಮಗೆ ಬರಲಿರುವುದೇ? ಸೆಮಿಕಾನ್ ಅಗ್ಗದ್ದಕ್ಕೆ ಬದಲಾದರೆ ಆ ವರದಿ ನಿಮ್ಮ ಕೇಬಲ್‌ನದ್ದಲ್ಲ. ಇನ್ನೊಂದು, ಮುಪ್ಪಾಗಿಸುವ ಮೊದಲು ಮಾದರಿಯನ್ನು ಬಿಸಿ ಚಕ್ರಗಳಲ್ಲಿ ಹದಮಾಡಿದ್ದರೇ? ಹೊಸ ಎಕ್ಸ್‌ಎಲ್‌ಪಿಇಯಲ್ಲಿ ಅಡ್ಡಬಂಧಕ್ಕೆ ಬೆರೆಸಿದ ಪೆರಾಕ್ಸೈಡ್‌ನ ಉಳಿಕೆಗಳು, ಮುಖ್ಯವಾಗಿ ಅಸಿಟೋಫಿನೋನ್, ಕೆಲಕಾಲ ಟ್ರೀ ಬೆಳವಣಿಗೆಯನ್ನು ತಡೆಹಿಡಿದು ಫಲಿತಾಂಶವನ್ನು ಚೆಂದಗಾಣಿಸುತ್ತವೆ.

5. ಸೆಮಿಕಾನ್ ಪದರಗಳು

ಮಿ.ಮೀ.ಗೂ ಕಡಿಮೆ ದಪ್ಪದ ಈ ಕಪ್ಪು ಪದರಗಳ ಬಗ್ಗೆ ಹೆಚ್ಚಿನ ಖರೀದಿ ಕಡತಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಕೇಬಲ್‌ನ ಆಯುಷ್ಯ ಬರೆದಿರುವುದೇ ಅಲ್ಲಿ.

ಕಂಡಕ್ಟರ್‌ನ ಎಳೆಗಳ ಏರಿಳಿತವನ್ನು ನುಣುಪು ಮಾಡಿ ವಿದ್ಯುತ್ ಕ್ಷೇತ್ರವನ್ನು ಸಮವಾಗಿ ಹಂಚುವುದು ಒಳ ಸೆಮಿಕಾನ್‌ನ ಕೆಲಸ. 12/20ರ 240 ಚದರ ಮಿ.ಮೀ. ಕೇಬಲ್‌ನಲ್ಲಿ ಆ ಗಡಿಯ ಮೇಲಿನ ಒತ್ತಡ ಸುಮಾರು 2.7 ಕಿಲೋವೋಲ್ಟ್ ಪ್ರತಿ ಮಿ.ಮೀ. ಅದೇ ದಪ್ಪದ ಇನ್ಸುಲೇಶನ್ ಇರುವ 50 ಚದರ ಮಿ.ಮೀ.ಯಲ್ಲಿ 3.3. ಕಂಡಕ್ಟರ್ ಸಣ್ಣದಾದಷ್ಟೂ ಗಡಿಯ ಮೇಲಿನ ಒತ್ತಡ ಏರುತ್ತದೆ. ಅಲ್ಲಿ ಸೂಜಿಮೊನೆಯಂಥ ಒಂದು ಉಬ್ಬು ಇದ್ದರೆ ಮೊನೆಯ ತುದಿಯಲ್ಲಿ ಒತ್ತಡ ಹಲವು ಪಟ್ಟಾಗಿ, ಟ್ರೀ ಅಲ್ಲಿಂದಲೇ ಹೊರಡುತ್ತದೆ.

ಕಡತದಲ್ಲಿ ಹೀಗೆ ಬರೆಯಿರಿ: ಒಳ ಸೆಮಿಕಾನ್, ಇನ್ಸುಲೇಶನ್, ಹೊರ ಸೆಮಿಕಾನ್ ಮೂರೂ ಪದರಗಳು ಯಂತ್ರದ ಒಂದೇ ತಲೆಯಿಂದ ಒಟ್ಟಿಗೆ ಎರಕವಾಗಿರಬೇಕು, ಬೇಯಿಸುವುದು ಸಾರಜನಕದಲ್ಲಿ, ಹಬೆಯಲ್ಲಲ್ಲ, ಒಳ ಸೆಮಿಕಾನ್ ಅತಿನುಣುಪು ದರ್ಜೆಯದು, ಲವಣಾಂಶ ಕಡಿಮೆ ಇರುವ ಕಾರ್ಬನ್ ಬ್ಲ್ಯಾಕ್‌ನದು. ಪ್ರತಿರೋಧಕತೆ ಐಇಸಿ ಪ್ರಕಾರ ಒಳಗಿನದಕ್ಕೆ 1000 ಓಮ್-ಮೀಟರ್, ಹೊರಗಿನದಕ್ಕೆ 500 ಓಮ್-ಮೀಟರ್ ಮೀರಬಾರದು.

ಹೊರ ಸೆಮಿಕಾನ್ ಸುಲಿಯುವಂಥದ್ದೋ ಅಂಟಿಕೊಂಡದ್ದೋ ಎಂಬುದು ನಿಮ್ಮ ಜಾಯಿಂಟರ್‌ಗಳ ಕೈಚಳಕ ನೋಡಿ ನಿರ್ಧರಿಸುವ ಮಾತು. ಅಂಟಿಕೊಂಡದ್ದರ ಗಡಿ ಬಲವಾಗಿರುತ್ತದೆ, ಆದರೆ ಕೆತ್ತುವ ಉಪಕರಣ ಬೇಕು, ತಾಳ್ಮೆ ಬೇಕು. ಸುಲಿಯುವಂಥದ್ದಕ್ಕೆ ಐಇಸಿ ಹೇಳುವ ಎಳೆತ 4ರಿಂದ 45 ನ್ಯೂಟನ್. 45ರ ಹತ್ತಿರವಿದ್ದರೆ ಜಾಯಿಂಟರ್ ಚಾಕುವನ್ನು ಆಳಕ್ಕೆ ಒತ್ತುತ್ತಾನೆ, ಇನ್ಸುಲೇಶನ್ ಮೇಲೆ ಗೀರು ಉಳಿಯುತ್ತದೆ, ಆ ಗೀರಿನಲ್ಲಿ ಗಾಳಿ ನಿಲ್ಲುತ್ತದೆ, ಅಲ್ಲಿ ಡಿಸ್ಚಾರ್ಜ್ ಶುರುವಾಗುತ್ತದೆ. 4ರ ಹತ್ತಿರವಿದ್ದರೆ ಬಗ್ಗಿಸುವಾಗಲೇ ಪದರ ಬಿಟ್ಟುಕೊಳ್ಳಬಹುದು. ನಡುವಿನ ಅಂಕಿ ಇರುವುದನ್ನೇ ಕೇಳಿ.

6. ಲೋಹದ ಸ್ಕ್ರೀನ್: ಲೆಕ್ಕ ಹಾಕಿ, ಊಹಿಸಬೇಡಿ

ಅರ್ತ್ ಫಾಲ್ಟ್ ಕರೆಂಟು ಹರಿಯುವುದು ಇದರಲ್ಲೇ. ತಾಮ್ರದ ತಂತಿಗಳ ಸ್ಕ್ರೀನ್ 80 °ಸೆಯಿಂದ 200 °ಸೆಗೆ ಏರಬಹುದೆಂದು ಹಿಡಿದರೆ ಪ್ರತಿ ಚದರ ಮಿ.ಮೀ.ಗೆ 1 ಸೆಕೆಂಡಿನಲ್ಲಿ ಸುಮಾರು 128 ಆಂಪಿಯರ್. ಫಾಲ್ಟ್ 10 ಕಿಲೋಆಂಪಿಯರ್, ರಿಲೇ ಮತ್ತು ಬ್ರೇಕರ್ ಸೇರಿ 0.3 ಸೆಕೆಂಡು ಎಂದರೆ: 0.3ರ ವರ್ಗಮೂಲ 0.548, 10,000ವನ್ನು ಅದರಿಂದ ಗುಣಿಸಿ 128ರಿಂದ ಭಾಗಿಸಿದರೆ 43 ಚದರ ಮಿ.ಮೀ. ಅಂದರೆ 50ರ ಸ್ಕ್ರೀನ್ ಬೇಕು. ಎಷ್ಟೋ ದರಪತ್ರಗಳಲ್ಲಿ ಕಣ್ಣುಮುಚ್ಚಿ ಹಾಕುವ 16 ಇಲ್ಲಿ ಉರಿದುಹೋಗುತ್ತದೆ. ಲೆಕ್ಕಕ್ಕೆ ಬ್ಯಾಕಪ್ ರಿಲೇಯ ಸಮಯ ಹಿಡಿಯಿರಿ, ಮೊದಲ ರಿಲೇಯದ್ದಲ್ಲ. ಸ್ಕ್ರೀನ್‌ಗೆ ಅಂಟಿರುವ ಹೊದಿಕೆ ಮೆತ್ತನೆಯ ಪಾಲಿಎಥಿಲೀನ್ ಆದರೆ ಕೊನೆಯ ಉಷ್ಣತೆಯನ್ನು ಇನ್ನೂ ಕೆಳಗಿಳಿಸಬೇಕಾಗುತ್ತದೆ. ಆಗ ತಾಮ್ರ ಇನ್ನಷ್ಟು ಬೇಕು.

ತಾಮ್ರದ ಟೇಪ್ ಅಗ್ಗ. ಆದರೆ 33 ಮಿ.ಮೀ. ವ್ಯಾಸದ ಮೇಲೆ ಸುತ್ತಿದ 0.1 ಮಿ.ಮೀ. ಟೇಪಿನ ಅಡ್ಡಕೊಯ್ತ ಸುಮಾರು 10 ಚದರ ಮಿ.ಮೀ. ಮಾತ್ರ. ಜೊತೆಗೆ ಟೇಪಿನ ಅಂಚು ಅಂಚಿನ ಮೇಲೆ ಕೂತ ಜಾಗ ಹಸಿರುಗಟ್ಟಿದರೆ ಕರೆಂಟು ನೇರ ದಾರಿ ಬಿಟ್ಟು ಸುರುಳಿಯಾಗಿ ಸುತ್ತಿಕೊಂಡು ಹೋಗಬೇಕಾಗುತ್ತದೆ. ಹಳೆಯ ಟೇಪ್ ಕೇಬಲ್‌ಗಳಲ್ಲಿ ಫಾಲ್ಟ್ ಹುಡುಕುವುದು ಕಷ್ಟವಾಗಲು ಇದೂ ಕಾರಣ. ಫಾಲ್ಟ್ ಕರೆಂಟು ಹೆಚ್ಚಿರುವ, ತೇವ ಇರುವ ಜಾಗಕ್ಕೆ ತಂತಿಗಳ ಸ್ಕ್ರೀನ್ ಮತ್ತು ಅವನ್ನು ಬೆಸೆಯುವ ಅಡ್ಡಟೇಪ್ ಆಯ್ದುಕೊಳ್ಳಿ.

ಒಂಟಿ ಕೋರ್ (ಒಂದೇ ಕಂಡಕ್ಟರ್ ಇರುವ) ಕೇಬಲ್‌ಗಳ ಸ್ಕ್ರೀನನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಿದರೆ ಅದರಲ್ಲಿ ಸುತ್ತುವ ಕರೆಂಟು ಹರಿದು ಬಿಸಿಯಾಗುತ್ತದೆ. ಕೇಬಲ್‌ಗಳು ದೂರ ಸರಿದಷ್ಟೂ ಈ ಕರೆಂಟು ಹೆಚ್ಚು. ಮೂರನ್ನೂ ತ್ರಿಕೋನವಾಗಿ ಒತ್ತಾಗಿ ಕಟ್ಟಿ ಮಲಗಿಸಿದರೆ ಸಮಸ್ಯೆ ಬಹುಪಾಲು ಹತೋಟಿಗೆ ಬರುತ್ತದೆ. ಒಂದೇ ತುದಿ ಅರ್ತ್ ಮಾಡುವುದಾದರೆ ತೆರೆದ ತುದಿಯಲ್ಲಿ ನಿಲ್ಲುವ ವೋಲ್ಟೇಜ್ ಲೆಕ್ಕ ಹಾಕಿ, ಅಲ್ಲಿ ಕೆಲಸ ಮಾಡುವವರಿಗೆ ತಾಗದಂತೆ ಮುಚ್ಚಿ. ಒಂಟಿ ಕೋರ್‌ಗೆ ಆರ್ಮರ್ (ಏಟು ತಡೆಯುವ ಲೋಹದ ಕವಚ) ಬೇಕಾದರೆ ಅಲ್ಯೂಮಿನಿಯಂನದೇ ಆಗಬೇಕು. ಉಕ್ಕಿನ ತಂತಿ ಸುತ್ತಿದರೆ ಅದೇ ಬಿಸಿಯಾಗುತ್ತದೆ. ಮೂರು ಕೋರ್‌ಗೆ ಸತು ಲೇಪಿಸಿದ ಉಕ್ಕು ಸರಿ.

7. ತೇವತಡೆ ಮತ್ತು ಹೊರಹೊದಿಕೆ

ಹೊದಿಕೆಗೆ ಪಿವಿಸಿ ಬೇಡ. ನೀರಾವಿ ಅದರ ಮೂಲಕ ಪಾಲಿಎಥಿಲೀನ್‌ಗಿಂತ ಬಹಳ ಸುಲಭವಾಗಿ ತೂರುತ್ತದೆ, ಪೈಪಿನಲ್ಲಿ ಎಳೆಯುವಾಗ ಪಿವಿಸಿ ಬೇಗ ಹರಿದುಹೋಗುತ್ತದೆ. ಮಧ್ಯಮ ಸಾಂದ್ರತೆಯ ಅಥವಾ ಲೀನಿಯರ್ ಲೋ ಡೆನ್ಸಿಟಿ ಪಾಲಿಎಥಿಲೀನ್ ಬಹುಪಾಲು ಜಾಗಕ್ಕೆ ಒಳ್ಳೆಯದು. ಕಲ್ಲುನೆಲ, ಗೆದ್ದಲು ಇದ್ದರೆ ಗಟ್ಟಿಯಾದ ಹೈ ಡೆನ್ಸಿಟಿ. ಬಿಸಿಲು ತಾಳಲು ಕಾರ್ಬನ್ ಬ್ಲ್ಯಾಕ್ 2.5 ಶೇಕಡಾ, ಅರ್ಧ ಶೇಕಡಾ ಹೆಚ್ಚುಕಡಿಮೆ. ಪಾಲಿಎಥಿಲೀನ್ ಧಾರಾಳವಾಗಿ ಉರಿಯುವುದರಿಂದ ಸುರಂಗ ಅಥವಾ ಕಟ್ಟಡದೊಳಗಿನ ಭಾಗಕ್ಕೆ ಕಡಿಮೆ ಹೊಗೆಯ, ಹ್ಯಾಲೋಜನ್ ಇಲ್ಲದ ಹೊದಿಕೆ ಬೇಕು.

ಸ್ಕ್ರೀನ್ ತಂತಿಗಳ ಕೆಳಗೂ ಮೇಲೂ ನೀರು ಕಂಡರೆ ಉಬ್ಬುವ ಅರೆವಾಹಕ ಟೇಪ್ ಇರಲಿ. ಹೊದಿಕೆಗೆ ಒಂದು ಕಡೆ ತೂತಾದರೆ ನೀರು ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಐಇಸಿಯಲ್ಲಿ ಪರೀಕ್ಷೆ ಇದೆ: ಮಾದರಿಯ ನಡುವೆ 50 ಮಿ.ಮೀ. ಅಗಲದ ಹೊದಿಕೆ ತೆಗೆದು, 1 ಮೀಟರ್ ಎತ್ತರದ ನೀರು ನಿಲ್ಲಿಸಿ, 10 ಬಿಸಿ ಚಕ್ರ ಕೊಟ್ಟ ಮೇಲೂ ತುದಿಗಳಲ್ಲಿ ನೀರು ಕಾಣಬಾರದು. ಟೇಪ್ ಇದೆ ಎಂಬ ಮಾತಿಗಿಂತ ಈ ವರದಿಗೆ ಬೆಲೆ. ಸದಾ ನೀರಿನಲ್ಲೇ ಮುಳುಗಿರುವ ಮಾರ್ಗಕ್ಕೆ ಹೊದಿಕೆಗೆ ಬೆಸೆದ ಅಲ್ಯೂಮಿನಿಯಂ ಹಾಳೆ ಸೇರಿಸಿ. ರಾಸಾಯನಿಕ ಸೋರುವ ನೆಲಕ್ಕೆ ಸೀಸದ ಕವಚವನ್ನು ಈಗಲೂ ಬಳಸುತ್ತಾರೆ.

ಹೊದಿಕೆಯ ಹೊರಮೈಗೆ ಗ್ರಾಫೈಟ್ ಅಥವಾ ತೆಳು ಅರೆವಾಹಕ ಪದರ ಕೇಳಿ. ಅದಿಲ್ಲದಿದ್ದರೆ ಒಣ ಮಣ್ಣಲ್ಲಿ, ಪೈಪಿನಲ್ಲಿ ಹೊದಿಕೆಯ ವೋಲ್ಟೇಜ್ ಪರೀಕ್ಷೆಗೆ ಎದುರು ಎಲೆಕ್ಟ್ರೋಡ್ ಸಿಗದೆ, ತೂತಿದ್ದರೂ ಪಾಸ್ ಎಂದು ಬರುತ್ತದೆ.

8. ಕಾಗದಗಳನ್ನು ಓದುವುದು

ಟೈಪ್ ಟೆಸ್ಟ್ (ಒಂದು ವಿನ್ಯಾಸಕ್ಕೆ ಒಮ್ಮೆ ಮಾಡುವ ಪೂರ್ಣ ಪರೀಕ್ಷೆ) ವರದಿ ಯಾವ ವರ್ಷದ್ದು, ಯಾವ ಕಾರ್ಖಾನೆಯ ಯಾವ ಯಂತ್ರಸಾಲಿನದ್ದು ಎಂದು ನೋಡಿ. ಬೇರೆ ಊರಿನ ಘಟಕದ ವರದಿ ತೋರಿಸಿ ಇಲ್ಲಿಂದ ಮಾಲು ಕಳಿಸುವುದು ಉಂಟು. ಅದರಲ್ಲಿ ಬಗ್ಗಿಸುವ ಪರೀಕ್ಷೆ, 20 ಬಿಸಿ ಚಕ್ರ, ಕಂಡಕ್ಟರ್ ಬಿಸಿಯಿರುವಾಗ ಎರಡೂ ಧ್ರುವದ 10-10 ಇಂಪಲ್ಸ್ (ಸಿಡಿಲನ್ನು ಹೋಲುವ ಕ್ಷಣಿಕ ವೋಲ್ಟೇಜ್) ಹೊಡೆತ ಇರಬೇಕು. ಇಂಪಲ್ಸ್ ಮಟ್ಟ 6/10ಕ್ಕೆ 75 ಕಿಲೋವೋಲ್ಟ್, 12/20ಕ್ಕೆ 125, 18/30ಕ್ಕೆ 170. ಕೊನೆಗೆ ಯು-ನಾಟ್‌ನ 4 ಪಟ್ಟು 4 ಗಂಟೆ.

ಪ್ರತಿ ಡ್ರಮ್‌ಗೂ ನಡೆಯುವ ರೊಟೀನ್ ಟೆಸ್ಟ್‌ನಲ್ಲಿ ಯು-ನಾಟ್‌ನ 3.5 ಪಟ್ಟು 5 ನಿಮಿಷ. 12/20ಕ್ಕೆ ಅದು 42 ಕಿಲೋವೋಲ್ಟ್. ಪಾರ್ಶಿಯಲ್ ಡಿಸ್ಚಾರ್ಜ್‌ಗೆ ವೋಲ್ಟೇಜನ್ನು 2 ಪಟ್ಟಿಗೆ ಏರಿಸಿ, 10 ಸೆಕೆಂಡು ನಿಲ್ಲಿಸಿ, 1.73 ಪಟ್ಟಿಗೆ ಇಳಿಸಿ ಓದುತ್ತಾರೆ. ಅಳತೆಯ ಸೂಕ್ಷ್ಮತೆ 10 ಪಿಕೋಕೂಲಂಬ್ ಅಥವಾ ಅದಕ್ಕಿಂತ ಉತ್ತಮವಾಗಿರಬೇಕು. 5 ಇರಲಿ ಎಂದು ಬರೆಯಿರಿ. ಒಳ್ಳೆಯ ಕಾರ್ಖಾನೆಗೆ ಅದು ಕಷ್ಟವಲ್ಲ. ವರದಿಯಲ್ಲಿ ಬರೀ ‘ಪಾಸ್’ ಎಂದಿದ್ದರೆ ಹಿನ್ನೆಲೆ ಸದ್ದು ಎಷ್ಟಿತ್ತೆಂದು ಕೇಳಿ.

9. ಒಂದು ಮೀಟರ್ ತುಂಡು, ಒಂದು ಹರಿತವಾದ ಚಾಕು

ಡ್ರಮ್‌ನ ತುದಿಯಿಂದ ಒಂದು ಮೀಟರ್ ಕತ್ತರಿಸಿಕೊಳ್ಳಿ. ತೆಳುವಾದ ಬಿಲ್ಲೆಗಳನ್ನು ಕೊಯ್ದು ಇನ್ಸುಲೇಶನ್ ದಪ್ಪವನ್ನು ಆರು ಕಡೆ ಅಳೆಯಿರಿ. ಯಾವ ಬಿಂದುವಿನಲ್ಲೂ ದಪ್ಪ ನಿಗದಿಯ 90 ಶೇಕಡಾದಲ್ಲಿ 0.1 ಮಿ.ಮೀ. ಕಳೆದದ್ದಕ್ಕಿಂತ ಕಡಿಮೆ ಇರಬಾರದು, 5.5ಕ್ಕೆ ಅದು 4.85. ಅತಿಹೆಚ್ಚು ಮತ್ತು ಅತಿಕಡಿಮೆಯ ವ್ಯತ್ಯಾಸವನ್ನು ಅತಿಹೆಚ್ಚಿನಿಂದ ಭಾಗಿಸಿದರೆ 0.15 ಮೀರಬಾರದು. ಒಂದು ಕಡೆ 5.9, ಎದುರಿಗೆ 4.9 ಇದ್ದರೆ ಮೊದಲ ನಿಯಮಕ್ಕೆ ಪಾಸ್, ಎರಡನೆಯದಕ್ಕೆ 0.17 ಬಂದು ಫೇಲ್. ಹೀಗೆ ಓರೆಯಾದ ಕೇಬಲ್‌ಗೆ ಜಾಯಿಂಟ್ ಕೂರಿಸಿದರೆ ಒತ್ತಡ ಒಂದೇ ಬದಿಗೆ ಬೀಳುತ್ತದೆ.

ಬೇಯಿಸಿದ್ದು ಸರಿಯಿದೆಯೇ ಎಂದು ಹೇಳುವುದು ಹಾಟ್ ಸೆಟ್ ಪರೀಕ್ಷೆ. ಎಕ್ಸ್‌ಎಲ್‌ಪಿಇ ಪಟ್ಟಿಗೆ ಪ್ರತಿ ಚದರ ಸೆಂ.ಮೀ.ಗೆ 20 ನ್ಯೂಟನ್ ತೂಕ ನೇತುಹಾಕಿ 200 °ಸೆ ಓವನ್‌ನಲ್ಲಿ 15 ನಿಮಿಷ ಇಡುತ್ತಾರೆ. 4 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಪಟ್ಟಿಗೆ ಈ ತೂಕ ಸುಮಾರು 80 ಗ್ರಾಂ. 175 ಶೇಕಡಾಕ್ಕಿಂತ ಹೆಚ್ಚು ಹಿಗ್ಗಬಾರದು, ತೂಕ ತೆಗೆದು ತಣಿದ ಮೇಲೆ 15 ಶೇಕಡಾಕ್ಕಿಂತ ಹೆಚ್ಚು ಉಳಿಯಬಾರದು. ಸೆಮಿಕಾನ್ ಗಡಿಗೆ ಹತ್ತಿರದ ಒಳಭಾಗದಿಂದಲೇ ಪಟ್ಟಿ ತೆಗೆಯಿರಿ. ಶಾಖ ಹೊರಗಿನಿಂದ ಒಳಕ್ಕೆ ಹೋಗುವುದರಿಂದ ಯಂತ್ರವನ್ನು ವೇಗವಾಗಿ ಓಡಿಸಿದಾಗ ಹಸಿಯಾಗಿ ಉಳಿಯುವುದು ಆ ಭಾಗವೇ.

ಇನ್ನೊಂದು ಸರಳ ಪರೀಕ್ಷೆ ಕಣ್ಣಿಗೆ ಹಬ್ಬ. ಹೊರ ಸೆಮಿಕಾನ್ ಸುಲಿದ ಗೇಣುದ್ದದ ಎಕ್ಸ್‌ಎಲ್‌ಪಿಇ ತುಂಡನ್ನು ಸುಮಾರು 130 °ಸೆ ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸಿದರೆ ಹಾಲಿನಂತಿದ್ದ ಇನ್ಸುಲೇಶನ್ ಗಾಜಿನಂತೆ ತಿಳಿಯಾಗುತ್ತದೆ. ಒಳ ಸೆಮಿಕಾನ್‌ನ ಉಬ್ಬುತಗ್ಗು, ಕಸದ ಕಣ, ಕಂದು ಚುಕ್ಕೆ ಎಲ್ಲ ಬರಿಗಣ್ಣಿಗೆ ಕಾಣುತ್ತವೆ. ತುಂಡಿನಲ್ಲಿ ತೇವ ಇದ್ದರೆ ಎಣ್ಣೆ ಸಿಡಿಯುತ್ತದೆ, ಮುಖಕವಚ ಮತ್ತು ಕೈಗವಸು ಬಿಡಬೇಡಿ. ಇಪಿಆರ್‌ಗೆ ಈ ಉಪಾಯ ನಡೆಯುವುದಿಲ್ಲ. ಅದರಲ್ಲಿ ಜೇಡಿ ತುಂಬಿರುವುದರಿಂದ ಬೆಳಕು ದಾಟದು.

10. ಜಾಯಿಂಟ್, ಎಳೆತ, ಮತ್ತು ಹೂಳಿದ ಮೇಲೆ

ಕೇಬಲ್ ಒಪ್ಪುವ ಮುನ್ನವೇ ಜಾಯಿಂಟ್ ಕಿಟ್ ತಯಾರಕರಿಗೆ ಇನ್ಸುಲೇಶನ್ ಮೇಲಿನ ವ್ಯಾಸದ ಕನಿಷ್ಠ-ಗರಿಷ್ಠ ಅಂಕಿ ಕಳಿಸಿ. ಕೋಲ್ಡ್ ಶ್ರಿಂಕ್ (ಬಿಸಿ ಮಾಡದೆ ತಾನೇ ಕುಗ್ಗಿ ಹಿಡಿಯುವ ಬಗೆ) ಆಗಲಿ, ಎಳೆದು ತೂರಿಸುವುದಾಗಲಿ, ಕಿಟ್‌ನ ವ್ಯಾಪ್ತಿಯ ಅಂಚಿನಲ್ಲಿ ಬೀಳುವ ಕೇಬಲ್‌ಗೆ ಹಿಡಿತದ ಒತ್ತಡ ಸಾಲದೆ ಗಡಿಯಲ್ಲಿ ಗಾಳಿ ಉಳಿಯುತ್ತದೆ.

ಕಂಡಕ್ಟರನ್ನೇ ಹಿಡಿದು ಎಳೆಯುವಾಗ ತಾಮ್ರಕ್ಕೆ ಪ್ರತಿ ಚದರ ಮಿ.ಮೀ.ಗೆ 50 ನ್ಯೂಟನ್, ಅಲ್ಯೂಮಿನಿಯಂಗೆ 30 ಮಿತಿ. 240ರ ಮೂರು ಅಲ್ಯೂಮಿನಿಯಂ ಕೋರ್‌ಗೆ 21.6 ಕಿಲೋನ್ಯೂಟನ್. ತಿರುವಿನಲ್ಲಿ ಈ ಮಿತಿಗಿಂತ ಮೊದಲೇ ಬದಿಯ ಒತ್ತಡ ಹೊದಿಕೆಯನ್ನು ಜಜ್ಜುತ್ತದೆ, ಆದ್ದರಿಂದ ತಯಾರಕರು ಹೇಳಿದ ಕನಿಷ್ಠ ಬಾಗುತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬೇಡಿ. ಡ್ರಮ್ ಬಂದಾಗಿನಿಂದ ತುದಿಗಳ ಕ್ಯಾಪ್ ಬಿಗಿಯಾಗಿರಲಿ. ಕತ್ತರಿಸಿದ ತುದಿಯನ್ನು ಒಂದು ರಾತ್ರಿಯೂ ತೆರೆದು ಬಿಡಬೇಡಿ.

ಹೂಳಿ ಮಣ್ಣು ಮುಚ್ಚಿದ ಮೇಲೆ, ಜಾಯಿಂಟ್ ಮಾಡುವ ಮೊದಲೇ, ಹೊದಿಕೆಗೆ ಡಿಸಿ ಪರೀಕ್ಷೆ ಮಾಡಿ: ದಪ್ಪದ ಪ್ರತಿ ಮಿ.ಮೀ.ಗೆ 4 ಕಿಲೋವೋಲ್ಟ್, ಗರಿಷ್ಠ 10 ಕಿಲೋವೋಲ್ಟ್, 1 ನಿಮಿಷ. ಸಲಿಕೆಯ ಏಟು, ಕಲ್ಲಿನ ತಿವಿತ ಇಲ್ಲೇ ಸಿಕ್ಕಿಬೀಳುತ್ತದೆ. ಜಾಯಿಂಟ್ ಮುಗಿದ ಮೇಲೆ ಇನ್ಸುಲೇಶನ್‌ಗೆ 0.1 ಹರ್ಟ್ಸ್‌ನಲ್ಲಿ ಯು-ನಾಟ್‌ನ 3 ಪಟ್ಟು, 12/20ಕ್ಕೆ 36 ಕಿಲೋವೋಲ್ಟ್, 15 ನಿಮಿಷ. ಇದು ಹೊಸ ಕೇಬಲ್‌ನ ಅಂಕಿ. ಹಳೆಯದಕ್ಕೆ ಇಷ್ಟು ಕೊಡಬಾರದು. ಮುಪ್ಪಾದ ಎಕ್ಸ್‌ಎಲ್‌ಪಿಇಗೆ ಹೈ ವೋಲ್ಟೇಜ್ ಡಿಸಿ ಅಂತೂ ಕೊಡಲೇಬೇಡಿ. ವಾಟರ್ ಟ್ರೀ ಇರುವಲ್ಲಿ ಚಾರ್ಜ್ ಸಿಕ್ಕಿಕೊಂಡು, ಪರೀಕ್ಷೆಯಲ್ಲಿ ಪಾಸಾದ ಕೇಬಲ್ ಲೈನಿಗೆ ಹಾಕಿದ ಕೆಲವೇ ದಿನಗಳಲ್ಲಿ ಸಿಡಿದ ಪ್ರಸಂಗಗಳಿವೆ.

ಅದೇ ದಿನ ಟ್ಯಾನ್ ಡೆಲ್ಟಾ ಮತ್ತು ಪಾರ್ಶಿಯಲ್ ಡಿಸ್ಚಾರ್ಜ್ ಅಳೆದು ಜಾಯಿಂಟ್‌ಗಳ ದೂರ, ಜಾಯಿಂಟರ್‌ನ ಗುರುತು, ಡ್ರಮ್ ಸಂಖ್ಯೆಗಳ ಜೊತೆ ದಾಖಲಿಸಿ. ಕತ್ತರಿಸಿದ ಮೀಟರ್ ತುಂಡಿನಲ್ಲಿ ಉಳಿದದ್ದಕ್ಕೆ ಕ್ಯಾಪ್ ಹಾಕಿ, ಡ್ರಮ್ ಸಂಖ್ಯೆ ಬರೆದು, ಒಣ ಜಾಗದಲ್ಲಿ ಎತ್ತಿಡಿ. ಮುಂದೊಂದು ದಿನ ಕೆಟ್ಟ ಭಾಗವನ್ನು ಅಗೆದು ತೆಗೆದು ಅರ್ಧ ಮಿ.ಮೀ. ಬಿಲ್ಲೆಗಳಾಗಿ ಕೊಯ್ದು, ಮಿಥಿಲೀನ್ ಬ್ಲೂ ಬಣ್ಣದಲ್ಲಿ ಅದ್ದಿ ಟ್ರೀ ಹುಡುಕುವಾಗ, ನೀರು ಕಾಣದ ಇದೇ ತುಂಡಿನ ಬಿಲ್ಲೆ ಹೋಲಿಕೆಗೆ ಪಕ್ಕದಲ್ಲಿ ಬೇಕಾಗುತ್ತದೆ.